ಕೇಳಲು ಬಾರದವರ ನಾಚಿಕೆ

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ತಂಗಿಯ ಮಗ ಬಂದು ಪಕ್ಕದಲ್ಲಿ ಕೂತ. ಇಪ್ಪತ್ತೆರಡು ವರ್ಷದ ಹುಡುಗ. ಶಿರವಾಡದಿಂದ ಬೆಳಗಿನ ರೈಲು ಹತ್ತಿ ಗೋವಾದ ವೆರ್ಣಾಕ್ಕೆ ಹೋಗಿ, ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ದುಡಿದು, ರಾತ್ರಿ ಮನೆ ಸೇರುವವ. ನಮ್ಮ ಕಡೆಯ ನೂರಾರು ಹುಡುಗರ ದಿನಚರಿ ಇದೇ. ಸ್ವಲ್ಪ ಹೊತ್ತು ಮೊಬೈಲು ತಿರುವಿದವ, "ಮಾಮ, ನೀವು ಬರೀತೀರಲ್ಲ, ನಂಗೊಂದು ನಾಲ್ಕು ಸಾಲು ಬರೆದುಕೊಡಿ" ಅಂದ. ಯಾರಿಗೆ ಎಂದೆ. ಅಸ್ನೋಟಿಯಲ್ಲಿ ಅದೇ ರೈಲು ಹತ್ತುವ ಒಬ್ಬಳು ಹುಡುಗಿಗೆ. ಎಂಟು ತಿಂಗಳಿಂದ ನೋಡುತ್ತಿದ್ದಾನೆ. ಮಾತಾಡಿದ್ದೀಯಾ ಎಂದರೆ ಒಮ್ಮೆ "ಕಾಣಕೋಣ ದಾಟಿತಾ" ಎಂದು ಅವಳೇ ಕೇಳಿದ್ದಳಂತೆ, ಇವನು ತಲೆಯಾಡಿಸಿದ್ದನಂತೆ.

"ನಾಲ್ಕು ಸಾಲು ಎಂತಕ್ಕೆ? ಹೋಗಿ ಬಾಯಿಬಿಟ್ಟು ಕೇಳು."

"ನಾಚಿಕೆ ಆಗ್ತದೆ ಮಾಮ."

ಒಳಗಿಂದ ನನ್ನ ತಂಗಿ ಇದನ್ನು ಕೇಳಿಸಿಕೊಂಡಿರಬೇಕು. "ಅವ ಸಣ್ಣವನಿದ್ದಾಗಿಂದ ನಾಚಿಕೆ ಸ್ವಭಾವದವ, ಒಬ್ಬರ ತಂಟೆಗೆ ಹೋದವನಲ್ಲ" ಎಂದು ಹೆಮ್ಮೆಯಿಂದ ಹೇಳಿದಳು. ಈ ಹೆಮ್ಮೆಯ ಮೇಲೆಯೇ ನನ್ನ ಸಿಟ್ಟು. ಈ ಲೇಖನ ಆ ಸಿಟ್ಟಿನಿಂದ ಹುಟ್ಟಿದ್ದು.

ಇದೇ ಹುಡುಗ ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಮೈಕು ಹಿಡಿದು ನಾಲ್ಕುನೂರು ಜನರೆದುರು ಹಾಡುತ್ತಾನೆ. ಕ್ರಿಕೆಟ್ ಪಂದ್ಯದಲ್ಲಿ ಅಂಪೈರನ ಜತೆ ಕೈಕೈ ಮಿಲಾಯಿಸುವವರೆಗೂ ಹೋಗಿದ್ದಾನೆ. ಸಂಬಳ ತಡವಾದಾಗ ಸೂಪರ್‌ವೈಸರನ ಟೇಬಲ್ಲಿನ ಎದುರು ನಿಂತು ಕೇಳಿದವರಲ್ಲಿ ಇವನೂ ಒಬ್ಬ. ಇಂಥವನಿಗೆ ನಾಚಿಕೆ ಸ್ವಭಾವ ಎನ್ನುವುದು ಹೇಗೆ? ನಿಜವಾಗಿ ನಾಚಿಕೆ ಇರುವವರನ್ನು ನಾನು ಬಲ್ಲೆ. ಅವರು ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುತ್ತಾರೆ, ಬಸ್ಸಿನಲ್ಲಿ ತಮ್ಮ ಸ್ಟಾಪು ಬಂದಾಗ ಕೂಗಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆಯುತ್ತಾರೆ. ಅವರ ಕಷ್ಟ ಬೇರೆ, ಅದರ ಬಗ್ಗೆ ನಾನು ಹಗುರಾಗಿ ಮಾತಾಡುವುದಿಲ್ಲ. ಆದರೆ ನಮ್ಮ ಹುಡುಗರಲ್ಲಿ ಬಹುಪಾಲು ಜನರ ನಾಚಿಕೆ ಒಬ್ಬಳು ಹುಡುಗಿಯ ಎದುರು ಮಾತ್ರ ಕಾಣಿಸಿಕೊಳ್ಳುತ್ತದೆ, ಅದೂ ಅವಳು "ಇಲ್ಲ" ಎನ್ನಬಹುದಾದ ಒಂದೇ ಒಂದು ಪ್ರಶ್ನೆಯ ಎದುರು. ಅದು ಸೋಲಿನ ಭಯ. ಇನ್ನೂ ಒಂದು ಪದರ ಸುಲಿದರೆ, ತನ್ನ ಬೆಲೆ ಕಟ್ಟುವ ಅಧಿಕಾರ ಎದುರಿನವಳ ಕೈಯಲ್ಲಿದೆ ಎನ್ನುವುದನ್ನು ಸಹಿಸಲಾಗದ ಜಂಬ. ನಾವು ಅದಕ್ಕೆ ನಾಚಿಕೆ ಎಂಬ ಒಳ್ಳೆಯ ಅಂಗಿ ತೊಡಿಸಿ, ಮರ್ಯಾದಸ್ಥರ ಸಾಲಿನಲ್ಲಿ ಕೂರಿಸಿದ್ದೇವೆ.

ಇಷ್ಟು ಖಚಿತವಾಗಿ ಹೇಳಲು ನನಗೇನು ಹಕ್ಕು? ನಾನೂ ಅದೇ ಅಂಗಿ ತೊಟ್ಟವನು. ಆ ಕತೆಯನ್ನು ಇಲ್ಲಿ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಕೊಂಕಣ ರೈಲಿನ ಹಳಿ ಇನ್ನೂ ಹಾಕುತ್ತಿದ್ದರು. ಗುಡ್ಡ ಒಡೆಯುವ ಸದ್ದು ಹಗಲೆಲ್ಲ ಕೇಳುತ್ತಿತ್ತು. ನಾನು ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಎರಡು ವರ್ಷ ನಾನು ಅವಳೊಡನೆ ಒಂದು ಮಾತೂ ಆಡಲಿಲ್ಲ. ಆದರೆ ಎರಡು ವರ್ಷ ಪ್ರತಿ ಸಂಜೆ ಅವಳ ಬಸ್ ಸ್ಟಾಪಿನ ಎದುರಿನ ಸೈಕಲ್ ಅಂಗಡಿಯ ಬಳಿ ನಿಂತೆ. ಅವಳ ಬಸ್ಸು ಹೋದ ಮೇಲೆಯೇ ನನ್ನ ಬಸ್ಸು ಹಿಡಿಯುತ್ತಿದ್ದೆ. ಲೈಬ್ರರಿಯಲ್ಲಿ ಅವಳು ಹಿಂತಿರುಗಿಸಿದ ಪುಸ್ತಕವನ್ನು ತಕ್ಷಣ ನನ್ನ ಹೆಸರಿಗೆ ಬರೆಸಿಕೊಳ್ಳುತ್ತಿದ್ದೆ. ಗೆಳೆಯರಿಗೆ ವಿಷಯ ಗೊತ್ತಾಗಿ, ಅವಳು ಹಾದುಹೋದಾಗೆಲ್ಲ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಆ ಕೂಗು ನಿಲ್ಲಿಸಿ ಎಂದು ಒಂದು ದಿನವೂ ಹೇಳಲಿಲ್ಲ, ಯಾಕೆಂದರೆ ನನ್ನ ಪರವಾಗಿ ಯಾರೋ ಮಾತಾಡುತ್ತಿದ್ದಾರಲ್ಲ ಎಂಬ ಒಳಗಿನ ಖುಷಿ. ಇದನ್ನೆಲ್ಲ ನಾನು ಮೂಕಪ್ರೇಮ ಎಂದು ಕರೆದುಕೊಂಡಿದ್ದೆ. ಡೈರಿಯಲ್ಲಿ ಹಾಗೆಯೇ ಬರೆದಿದ್ದೆ ಕೂಡ.

ಮೂರನೆಯ ವರ್ಷದ ದಸರಾ ರಜೆಗೆ ಮೊದಲು ಒಂದು ಪತ್ರ ಬರೆದೆ. ನಾಲ್ಕು ಪುಟ. ಕೊಡಲು ಧೈರ್ಯವಿಲ್ಲದೆ ಒಬ್ಬ ಗೆಳೆಯನ ಕೈಗಿಟ್ಟೆ. ಅವನು ಅದನ್ನು ಇನ್ನೊಬ್ಬನ ಕೈಗೆ ದಾಟಿಸಿದ. ಆ ಇನ್ನೊಬ್ಬ ಕ್ಯಾಂಟೀನಿನ ಬೆಂಚು ಹತ್ತಿ ನಿಂತು, ಯಕ್ಷಗಾನದ ಭಾಗವತರ ಧಾಟಿಯಲ್ಲಿ, ನಾಲ್ಕೂ ಪುಟವನ್ನು ಓದಿದ. ಅವಳು ಅಲ್ಲಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತೋ ಏನೋ. ವಿಷಯ ಅವಳಿಗಿಂತ ಮೊದಲು ಅವಳ ಮನೆ ತಲುಪಿತು. ರಜೆ ಮುಗಿದ ಮೇಲೆ ಅವಳು ಕಾಲೇಜಿಗೆ ಬರಲಿಲ್ಲ. ಪರೀಕ್ಷೆಗೂ ಬರಲಿಲ್ಲ. ಮೇ ತಿಂಗಳಲ್ಲಿ ಮದುವೆಯಾಯಿತೆಂದು ಕೇಳಿದೆ.

ನನಗೆ? ನನಗೆ ಏನೂ ಆಗಲಿಲ್ಲ. ಎರಡು ದಿನ ಜ್ವರ ಬಂದಿತ್ತು. ಗೆಳೆಯರು "ಪಾಪ" ಎಂದರು. ಭಗ್ನಪ್ರೇಮಿ ಎಂಬ ಬಿರುದು ಸಿಕ್ಕಿತು. ಆ ವರ್ಷದ ಕಾಲೇಜು ಮ್ಯಾಗಝಿನ್ನಿನಲ್ಲಿ ನನ್ನ ಎರಡು ಪದ್ಯಗಳು ಅಚ್ಚಾದವು. ಒಬ್ಬಳ ಓದು ನಿಂತು ಇನ್ನೊಬ್ಬನ ಸಾಹಿತ್ಯ ಶುರುವಾಯಿತು. ಹೀಗೆ ಹೇಳುವಾಗ ಇದೊಂದು ಚಮತ್ಕಾರದ ವಾಕ್ಯದಂತೆ ಕೇಳುತ್ತದೆ, ಆದರೆ ನಡೆದದ್ದು ಅಕ್ಷರಶಃ ಹೀಗೆಯೇ.

ಇಲ್ಲಿ ನನ್ನ ಜಗಳ ನನ್ನಂಥ ಬರೆಯುವವರ ಜತೆಗೂ ಇದೆ. ಹೇಳದೆ ಉಳಿದ ಪ್ರೀತಿಯನ್ನು ನಾವು ಎಷ್ಟು ಹಾಡಿ ಹೊಗಳಿದ್ದೇವೆಂದರೆ, ಹೇಳಿದ ಪ್ರೀತಿ ಏನೋ ಒರಟು, ಅಗ್ಗದ ಸರಕು ಎಂಬ ಭಾವನೆ ಓದುವ ಹುಡುಗರಲ್ಲಿ ಬೇರೂರಿದೆ. ಕನ್ನಡದ ಅತ್ಯಂತ ಜನಪ್ರಿಯ ಪ್ರೇಮಗೀತೆಗಳ ಸಂಕಲನ ಯಾವುದು ಎಂದು ಕೇಳಿದರೆ ನೀವೂ ನಾನೂ ಒಂದೇ ಹೆಸರು ಹೇಳುತ್ತೇವೆ: 1942ರಲ್ಲಿ ಬಂದ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'. ಅದರ ಮೇಲೆ ನನಗೆ ಅಪಾರ ಪ್ರೀತಿ. ಆದರೆ ಗಮನಿಸಿ, ಅದು ಹೆಚ್ಚುಪಾಲು ದಾಂಪತ್ಯದ ಕಾವ್ಯ. ಅಲ್ಲಿನ ಗಂಡನ ಕೋಟಲೆಗಳೆಲ್ಲ ಮದುವೆಯ ಆಚೆ ದಡದವು: ತವರಿಗೆ ಹೋದ ಹೆಂಡತಿ, ಮಾವನ ಮನೆ, ಮುನಿಸು. "ನೀನು ನನ್ನನ್ನು ಒಪ್ಪುತ್ತೀಯಾ" ಎಂಬ ಪ್ರಶ್ನೆಯನ್ನು ಅವನಿಗಿಂತ ಮೊದಲೇ ಹಿರಿಯರು ಇತ್ಯರ್ಥ ಮಾಡಿಯಾಗಿದೆ. ಅದು ಕವಿಯ ತಪ್ಪಲ್ಲ, ಅವರ ಕಾಲ ಹಾಗಿತ್ತು. ತಪ್ಪು ನಮ್ಮದು. ಆ ಪ್ರಶ್ನೆಯನ್ನು ಕೇಳಲೇಬೇಕಾದ ಕಾಲಕ್ಕೆ ಬಂದಮೇಲೂ ಅದನ್ನು ಕೇಳುವ ಬಗೆಯನ್ನು ನಮ್ಮ ಸಾಹಿತ್ಯ ಹುಡುಗರಿಗೆ ಅಷ್ಟಾಗಿ ತೋರಿಸಿಲ್ಲ.

ಕಾರವಾರದವರಾದ ನಮಗೆ ಇನ್ನೊಬ್ಬ ಕವಿಯ ಮೇಲೂ ಹಕ್ಕಿದೆ. ನಮ್ಮ ಕಡಲತೀರಕ್ಕೆ ಅವರ ಹೆಸರು. 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದು ಉಳಿದಿದ್ದರು, 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಇಲ್ಲಿಯೇ ಬರೆದರು. ಶಾಲೆಯಲ್ಲಿ ನಮಗೆ ಇಷ್ಟನ್ನು ಬಾಯಿಪಾಠ ಮಾಡಿಸುತ್ತಾರೆ. ಹೇಳಿಕೊಡದ ಸಂಗತಿ ಇನ್ನೊಂದಿದೆ. ಅದಕ್ಕೂ ಐದು ವರ್ಷ ಮೊದಲು, ಹದಿನೇಳರ ಹುಡುಗ ರವೀಂದ್ರ ಇಂಗ್ಲಿಷ್ ಮಾತು ಕಲಿಯಲೆಂದು ಮುಂಬೈಯಲ್ಲಿ, ಪ್ರಾರ್ಥನಾ ಸಮಾಜದ ಆತ್ಮಾರಾಮ ಪಾಂಡುರಂಗರ ಮನೆಯಲ್ಲಿದ್ದರು. ಆ ಮನೆಯ ಮಗಳು ಅನ್ನಪೂರ್ಣಾ ಇಂಗ್ಲೆಂಡು ನೋಡಿಬಂದವಳು, ವಯಸ್ಸಿನಲ್ಲಿ ತುಸು ಹಿರಿಯಳು. ಒಂದು ದಿನ ಅವಳು, ನಿದ್ದೆಹೋದ ಹುಡುಗಿಯ ಕೈಗವಸನ್ನು ಯಾರಾದರೂ ಕದ್ದರೆ ಅವನಿಗೆ ಅವಳನ್ನು ಮುತ್ತಿಡುವ ಹಕ್ಕು ಬರುತ್ತದೆ ಗೊತ್ತಾ ಎಂದಳಂತೆ. ಹಾಗೆಂದು ಆರಾಮಕುರ್ಚಿಯಲ್ಲಿ ನಿದ್ದೆಹೋದಳಂತೆ. ಎದ್ದು ನೋಡಿದರೆ ಕೈಗವಸು ಇದ್ದಲ್ಲೇ ಇದೆ. ಇದನ್ನು ಹೇಳಿಕೊಂಡವರು ಸ್ವತಃ ರವೀಂದ್ರರೇ, ಮುಪ್ಪಿನಲ್ಲಿ. ಇನ್ನು 1883ರ ಕತೆ: ಕಾರವಾರದಿಂದ ಹಿಂತಿರುಗಿದ ಕೆಲವೇ ತಿಂಗಳಿಗೆ, ಅದೇ ಡಿಸೆಂಬರಿನಲ್ಲಿ, ಮನೆಯವರು ಹುಡುಕಿದ ಹತ್ತು ವರ್ಷದ ಆಸುಪಾಸಿನ ಬಾಲಕಿಯೊಡನೆ ಅವರ ಮದುವೆಯಾಯಿತು. ಅವಳನ್ನು ಯಾರು ಕೇಳಿದ್ದರು?

ಕೈಗವಸಿನ ಕತೆ ಓದಿ ನಕ್ಕು, ಪಾಪ ಎಂದು ಬಿಡಬಹುದು. ಅದರಲ್ಲಿ ನನಗೆ ಕಾಣುವುದು ಅನ್ನಪೂರ್ಣೆಯ ಜಾಣ್ಮೆ. ಹುಡುಗಿಯಾಗಿ ಅವಳು ನೇರ ಕೇಳುವಂತಿರಲಿಲ್ಲ, ಒಗಟಿನಲ್ಲಿ ಕೇಳಿದಳು. ಹುಡುಗನಿಗೆ ಒಗಟು ಬಿಡಿಸಲಾಗಲಿಲ್ಲ, ಅಥವಾ ಬಿಡಿಸಿಯೂ ಕೈ ಏಳಲಿಲ್ಲ. ಅಲ್ಲಿ ಯಾರಿಗೂ ನೋವಾಗಲಿಲ್ಲ ಎನ್ನುವುದೇ ದೊಡ್ಡದು. ಎಲ್ಲರ ಹಿಂಜರಿಕೆಗೂ ಅಂಥ ಅದೃಷ್ಟ ಇರುವುದಿಲ್ಲ.

ಹಾಗಾದರೆ ನಮ್ಮ ಹಿರಿಯರು ನಿರಾಕರಣೆಯನ್ನು ಹೇಗೆ ನಿಭಾಯಿಸುತ್ತಿದ್ದರು? ಬಹಳ ಚೆನ್ನಾಗಿ ನಿಭಾಯಿಸುತ್ತಿದ್ದರು, ಅದನ್ನು ಒಪ್ಪಿಕೊಳ್ಳಬೇಕು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಅವಲಕ್ಕಿ ತಿಂದು, ಚಹ ಕುಡಿದು ಎದ್ದವರು "ಆಮೇಲೆ ತಿಳಿಸ್ತೇವೆ" ಎಂದು ಹೊರಟರೆ ಅರ್ಧ ಉತ್ತರ ಬಂದಂತೆ. ವಾರದ ಮೇಲೆ "ಜಾತಕ ಕೂಡಿಬರಲಿಲ್ಲ" ಎಂಬ ಮಾತು ಬಂದರೆ ಪೂರ್ತಿ ಉತ್ತರ. ಜಾತಕ ಎಂಬುದು ನಮ್ಮ ಸಮಾಜ ಕಂಡುಹಿಡಿದ ಅತ್ಯಂತ ಸಭ್ಯವಾದ ನಿರಾಕರಣೆಯ ಯಂತ್ರ ಎಂದು ನಾನು ನಂಬಿದ್ದೇನೆ. ಹುಡುಗಿ ಕಪ್ಪು ಎಂದೋ, ಹುಡುಗ ದಡ್ಡ ಎಂದೋ, ಕೊಡುವವರು ಬಡವರೆಂದೋ ಯಾರೂ ಬಾಯಿಬಿಡಬೇಕಿಲ್ಲ. ಶನಿ, ಕುಜರ ಮೇಲೆ ಹಾಕಿದರೆ ಆಯಿತು. ಅದರ ಹಿಂದೆ ಜಾತಿಯ, ವರದಕ್ಷಿಣೆಯ ನೂರು ಕ್ರೌರ್ಯಗಳಿದ್ದವು, ನಿಜ. ಆದರೆ ನಿರಾಕರಣೆಯ ಪೆಟ್ಟು ಒಬ್ಬನೇ ಒಬ್ಬ ಹುಡುಗನ ಎದೆಗೆ ನೇರ ಬೀಳುತ್ತಿರಲಿಲ್ಲ. ಇಡೀ ಮನೆ ಅದನ್ನು ಹಂಚಿಕೊಳ್ಳುತ್ತಿತ್ತು.

ದೇವರ ಎದುರಂತೂ ಇನ್ನೂ ಚೆಂದ. ನಮ್ಮ ಕಡೆ ಪ್ರಸಾದ ಕೇಳುವುದು ನಿಮಗೆ ಗೊತ್ತಿರಬಹುದು. ಮೂರ್ತಿಗೆ ಹೂವಿನ ಎಸಳು ಅಂಟಿಸಿ ಭಟ್ಟರು ಬೇಡಿಕೆ ಹೇಳುತ್ತಾರೆ. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಹೊಸ ದೋಣಿ ಇಳಿಸುವುದು, ಮನೆ ಕಟ್ಟುವುದು, ಸಂಬಂಧ ಬೆಳೆಸುವುದು, ಏನೇ ಇರಲಿ, ಎಡಪ್ರಸಾದವಾದರೆ ಜನ ಕೈಮುಗಿದು, ತೀರ್ಥ ತೆಗೆದುಕೊಂಡು, ಮೆಟ್ಟಿಲಿಳಿದು ಬರುತ್ತಾರೆ. ದೇವರ ಮೇಲೆ ಯಾರೂ ಹಗೆ ಸಾಧಿಸುವುದಿಲ್ಲ. ಕಲ್ಲಿನ ಮೂರ್ತಿಯ ಮೇಲಿಂದ ಉದುರಿದ ಒಂದು ಕೇಪಳ ಹೂವಿನ ಮಾತನ್ನು ಒಪ್ಪುವ ಗಂಡಸು, ಎದುರಿಗೆ ನಿಂತು ಬಾಯಿಬಿಟ್ಟು "ಬೇಡ" ಎನ್ನುವ ಜೀವಂತ ಹೆಣ್ಣಿನ ಮಾತನ್ನು ಯಾಕೆ ಒಪ್ಪಲಾರ?

ಈ ಪ್ರಶ್ನೆಗೆ ಉತ್ತರದ ಒಂದು ತುಂಡು ನಮ್ಮ ಮಾತಿನಲ್ಲೇ ಇದೆ. ಹುಡುಗರ ಬಾಯಲ್ಲಿ ಪ್ರೀತಿಗೆ ಸಂಬಂಧಿಸಿದ ಕ್ರಿಯಾಪದಗಳನ್ನು ಕೇಳಿನೋಡಿ. ಲೈನ್ ಹೊಡೆಯುವುದು. ಕಾಳು ಹಾಕುವುದು. ಪಟಾಯಿಸುವುದು. ಬೀಳಿಸುವುದು. "ಬಿದ್ಲಾ?" ಎಂದು ಗೆಳೆಯರು ವಿಚಾರಿಸುತ್ತಾರೆ. ಒಂದೋ ಮೀನುಗಾರಿಕೆ, ಇಲ್ಲವೇ ಬೇಟೆ. ಇದರಲ್ಲಿ ಕೇಳುವುದು ಎಂಬ ಪದಕ್ಕೆ ಜಾಗವೇ ಇಲ್ಲ. ಬಲೆ ಬೀಸುವವ ಮೀನನ್ನು ಕೇಳುತ್ತಾನೆಯೇ? ಇನ್ನು ಹೇಳಲೇಬೇಕಾದ ಹೊತ್ತಿಗೆ ಎಲ್ಲರೂ ಇಂಗ್ಲಿಷಿನ ಮೂರು ಪದಕ್ಕೆ ಓಡುತ್ತಾರೆ. ಕಾರವಾರದಲ್ಲಿ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಗೋವಾದ ಕೆಲಸದಲ್ಲಿ ಹಿಂದಿ ಮಾತಾಡುವ ಹುಡುಗನಿಗೆ ಮೂರು ಭಾಷೆಯಿದ್ದೂ ಪ್ರೀತಿಗೆ ನಾಲ್ಕನೆಯದು ಬೇಕು. ಯಾಕೆಂದರೆ ಐ ಲವ್ ಯೂ ಎಂಬುದು ಸಿನಿಮಾದಿಂದ ಎರವಲು ತಂದ ಡೈಲಾಗು. ತಿರಸ್ಕಾರವಾದರೆ ಆ ಡೈಲಾಗಿಗೆ ಆಯಿತು, ತನಗಲ್ಲ ಎಂದುಕೊಳ್ಳಬಹುದು. ಸ್ವಂತ ಭಾಷೆಯಲ್ಲಿ ಕೇಳಿದವನಿಗೆ ಅಂಥ ಮರೆಯಿಲ್ಲ.

ಆದರೆ ಕನ್ನಡದಲ್ಲಿ ಒಂದು ಸೊಗಸಿದೆ. 'ಕೇಳು' ಎಂಬ ಒಂದೇ ಧಾತು ಪ್ರಶ್ನಿಸುವುದಕ್ಕೂ ಆಗುತ್ತದೆ, ಆಲಿಸುವುದಕ್ಕೂ ಆಗುತ್ತದೆ. ಹುಡುಗಿಯನ್ನು ಕೇಳಿದೆ ಎಂದರೆ ಪ್ರಶ್ನೆ ಹಾಕಿದೆ ಎಂದೂ, ಅವಳ ಮಾತಿಗೆ ಕಿವಿಗೊಟ್ಟೆ ಎಂದೂ. ಇನ್ನೊಂದು: ಒಲವು, ಒಲಿ, ಒಲ್ಲೆ, ಮೂರೂ ಒಂದೇ ಬೇರಿನ ಪದಗಳು. ಒಲಿಯಬಲ್ಲವಳು ಮಾತ್ರ ಒಲ್ಲೆ ಎನ್ನಬಲ್ಲಳು, ಒಲ್ಲೆ ಎನ್ನುವ ದಾರಿಯೇ ಇಲ್ಲದವಳ ಒಲವಿಗೆ ಅರ್ಥವೇನು? ನಮ್ಮ ಹುಡುಗರಿಗೆ ಕೇಳಲು ಬರುವುದಿಲ್ಲ ಎಂದು ನಾನು ದೂರುವಾಗ ಎರಡೂ ಅರ್ಥದಲ್ಲಿ ದೂರುತ್ತಿದ್ದೇನೆ.

ಯಕ್ಷಗಾನದ ನಾಡಿನವರಿಗೆ ಇದಕ್ಕೆ ಬೇರೆ ಉದಾಹರಣೆ ಬೇಡ, ಕೀಚಕನೊಬ್ಬ ಸಾಕು. ಉತ್ತರ ಕನ್ನಡದಲ್ಲಿ ಹುಟ್ಟಿದ ನನ್ನ ತಲೆಮಾರಿನವರು ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಮರೆಯಲಾರರು. ಸೈರಂಧ್ರಿಯನ್ನು ಕಂಡು ಮೈಮರೆಯುವ ಆ ಶೃಂಗಾರ, ಆ ಹೆಜ್ಜೆ, ಆ ಕಣ್ಣು! ಇಡೀ ಗದ್ದೆ ಉಸಿರು ಬಿಗಿಹಿಡಿದು ನೋಡುತ್ತಿತ್ತು. ನಾನೂ ಚಾಪೆಯ ಮೇಲೆ ಕೂತು ನೋಡಿದ್ದೇನೆ. ಕಲಾವಿದನ ದೊಡ್ಡತನದ ಬಗ್ಗೆ ನನಗೆ ಒಂದಿಷ್ಟೂ ಅನುಮಾನವಿಲ್ಲ. ನನ್ನ ಅನುಮಾನ ನೋಡುವ ನಮ್ಮ ಮೇಲೆ. ಆ ಶೃಂಗಾರಕ್ಕೆ ನಾವು ಎಷ್ಟು ಮರುಳಾದೆವೆಂದರೆ, ಎದುರಿಗೆ ನಿಂತ ಸೈರಂಧ್ರಿ ಅಷ್ಟು ಹೊತ್ತೂ "ಬೇಡ" ಎನ್ನುತ್ತಲೇ ಇದ್ದಳು ಎಂಬುದು ನಮ್ಮ ಕಿವಿಗೆ ಬೀಳಲಿಲ್ಲ. ಕೊನೆಗೆ ಭೀಮ ಬಂದು ಕೀಚಕನನ್ನು ಹಿಸುಕಿದಾಗ ಧರ್ಮ ಗೆದ್ದಿತೆಂದು ಮನೆಗೆ ನಡೆದೆವು. ಆದರೆ ಬೆಳಿಗ್ಗೆ ಚಹದಂಗಡಿಯಲ್ಲಿ ಮಾತಾಡಿದ್ದು ಕೀಚಕನ ಪ್ರವೇಶದ ಬಗ್ಗೆಯೇ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ಬಹಳ ತಡವಾಗಿ. ಕೀಚಕನೂ ಒಂದು ಲೆಕ್ಕದಲ್ಲಿ ಮಧ್ಯಸ್ಥಿಕೆಯ ಗಿರಾಕಿ. ಸೈರಂಧ್ರಿ ಒಪ್ಪದಿದ್ದಾಗ ಅವನು ಹೋದದ್ದು ಅಕ್ಕ ಸುದೇಷ್ಣೆಯ ಬಳಿ. ಹೇಗಾದರೂ ಮಾಡಿ ಅವಳನ್ನು ನನ್ನ ಮನೆಗೆ ಕಳಿಸು ಎಂದ. ಅಕ್ಕ ಮದ್ಯ ತರುವ ನೆಪ ಹೂಡಿ ಕಳಿಸಿದಳು. ನನ್ನ ಪತ್ರ ಹೊತ್ತ ಗೆಳೆಯರೂ, ಸಂಜೆ ನನ್ನ ಹೆಸರು ಹಿಡಿದು ಕೂಗಿದವರೂ ನನ್ನ ಪಾಲಿನ ಸುದೇಷ್ಣೆಯರೇ. ನಾಚಿಕೆಯ ಹುಡುಗನಿಗೂ ಕೀಚಕನಿಗೂ ಏನು ಹೋಲಿಕೆ ಎಂದು ನೀವು ಕೆರಳಬಹುದು. ಕೆರಳಿ. ಒಬ್ಬ ಪ್ರಶ್ನೆಯನ್ನೇ ಹಾಕುವುದಿಲ್ಲ, ಇನ್ನೊಬ್ಬ ಉತ್ತರವನ್ನೇ ಕೇಳಿಸಿಕೊಳ್ಳುವುದಿಲ್ಲ. ಇಬ್ಬರಿಗೂ ಹುಡುಗಿಯ "ಇಲ್ಲ" ಎಂಬುದು ಬದುಕಿ ದಾಟಲಾಗದ ಹೊಳೆ. ಹಾಗಾಗಿಯೇ ಇಂದಿನ ನಾಚಿಕೆಯ ಹುಡುಗ ನಾಳೆ ಎರಡು ಪೆಗ್ಗಿನ ಧೈರ್ಯದಲ್ಲಿ ಇನ್ನೊಂದು ವೇಷದಲ್ಲಿ ಬರಬಲ್ಲ. ಎಲ್ಲರೂ ಹಾಗಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ವೇಷ ಒಂದೇ ಚೌಕಿಯಲ್ಲಿ ತಯಾರಾಗುತ್ತವೆ.

ಹೆಣ್ಣು ಬಾಯಿಬಿಟ್ಟು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಪಂಚವಟಿಯ ಪ್ರಸಂಗವಿದೆ. ಶೂರ್ಪನಖಿ ಯಾರ ಮೂಲಕವೂ ಹೇಳಿಕಳಿಸಲಿಲ್ಲ. ತಾನೇ ಬಂದಳು, ತಾನೇ ಕೇಳಿದಳು. ಅಣ್ಣ ತಮ್ಮನ ಬಳಿ ಕಳಿಸಿದ, ತಮ್ಮ ಅಣ್ಣನ ಬಳಿ. ಪ್ರೇಕ್ಷಕರು ಬಿದ್ದುಬಿದ್ದು ನಕ್ಕರು. ಸೀತೆಯ ಮೇಲೆ ಎರಗಿದ್ದು ಅವಳ ತಪ್ಪು, ಅದರಲ್ಲಿ ವಾದವಿಲ್ಲ. ಆದರೆ ಅದಕ್ಕೂ ಮೊದಲು ಅವಳನ್ನು ಚೆಂಡಿನಂತೆ ಆಡಿಸಿದ್ದರಲ್ಲ, ಅದು? ನೇರ ಕೇಳಿದ ಹೆಣ್ಣಿಗೆ ನಮ್ಮ ರಂಗಸ್ಥಳ ಕೊಟ್ಟ ಉತ್ತರ ಮೊದಲು ನಗು, ಆಮೇಲೆ ಕತ್ತಿ. ಇಂದು ಹುಡುಗನನ್ನು ತಾನಾಗಿ ಕೇಳಿದ ಹುಡುಗಿಗೆ ಕಾಲೇಜಿನಲ್ಲಿ ಇಡುವ ಹೆಸರುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಹುಡುಗನನ್ನೇ ಕೇಳಬೇಕಾದ ಹುಡುಗನ ಪಾಡು ಇನ್ನೂ ಬಿಗಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೆಯ ಕಲಮಿನ ಹಿಡಿತ ಸಡಿಲಿಸಿತು, ಆದರೆ ನಮ್ಮ ಊರಿನ ಬಸ್ ಸ್ಟ್ಯಾಂಡಿಗೆ ಆ ತೀರ್ಪು ಇನ್ನೂ ತಲುಪಿಲ್ಲ. ಜಾತಿ ಬೇರೆ, ಧರ್ಮ ಬೇರೆ ಎಂದಾದರೆ ಕರಾವಳಿಯಲ್ಲಿ ಜತೆಗೆ ಕೂತು ಐಸ್‌ಕ್ರೀಮು ತಿನ್ನುವುದಕ್ಕೂ ಗಟ್ಟಿ ಗುಂಡಿಗೆ ಬೇಕು. ಇವರೆಲ್ಲರ ಭಯ ನಿಜವಾದ ಭಯ. ಅದನ್ನು ನಾಚಿಕೆಯೆಂದು ಕರೆದು ಬುದ್ಧಿ ಹೇಳುವ ಅಧಿಕಾರ ನನಗಿಲ್ಲ. ನನ್ನ ಜಗಳವಿರುವುದು ಹೆದರಲು ಅಂಥ ಯಾವ ಕಾರಣವೂ ಇಲ್ಲದವರ ಜತೆ, ಅಂದರೆ ನನ್ನಂಥವರ ಜತೆ.

ಈ ಕಾಲದಲ್ಲಿ ಕೇಳು ಎಂದು ಹುಡುಗರಿಗೆ ಹೇಳಿಕೊಡುವುದು ಅಪಾಯವಲ್ಲವೇ ಎಂದು ಒಬ್ಬ ಉಪನ್ಯಾಸಕ ಮಿತ್ರರು ಕೇಳಿದರು. ಅವರ ಆತಂಕ ಸುಳ್ಳಲ್ಲ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳನ್ನು ಇರಿದು ಕೊಂದರು. ತಿಂಗಳು ತುಂಬುವುದರೊಳಗೆ ಅದೇ ಊರಿನಲ್ಲಿ ಇನ್ನೊಬ್ಬ ಯುವತಿಯನ್ನು ಅವಳ ಮನೆಯೊಳಗೇ ಕೊಂದರು. ಎರಡರಲ್ಲೂ ಅವಳು ಒಲ್ಲೆ ಎಂದದ್ದೇ ಕಾರಣವೆಂಬ ಆರೋಪ. ಮೊದಲನೆಯದು ಕೂಡಲೇ ಧರ್ಮದ ಜಗಳವಾಯಿತು, ಚುನಾವಣೆಯ ಭಾಷಣವಾಯಿತು. "ಒಲ್ಲೆ" ಎಂಬ ಎರಡಕ್ಷರದ ಬಗ್ಗೆ ಯಾವ ವೇದಿಕೆಯಲ್ಲೂ ಚರ್ಚೆಯಾದದ್ದು ನಾನು ಕಾಣೆ.

ಆದರೆ ಮಿತ್ರರ ಆತಂಕಕ್ಕೆ ಮದ್ದು ಮೌನವಲ್ಲ. ಕಾನೂನನ್ನೇ ಓದಿನೋಡಿ. ಹೆಣ್ಣಿನ ಬೆನ್ನು ಬೀಳುವುದನ್ನು ಪ್ರತ್ಯೇಕ ಅಪರಾಧವೆಂದು ಐಪಿಸಿಗೆ 354ಡಿ ಕಲಮಾಗಿ ಸೇರಿಸಿದ್ದು 2013ರಲ್ಲಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸಜೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ. ಅಲ್ಲಿ ಅಪರಾಧವೆಂದು ಹೇಳಿರುವುದು ಏನನ್ನು? ಅವಳು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಪದೇಪದೇ ಹಿಂಬಾಲಿಸುವುದನ್ನು, ಪದೇಪದೇ ಸಂಪರ್ಕಿಸುವುದನ್ನು. ಒಮ್ಮೆ ಮರ್ಯಾದೆಯಿಂದ ಕೇಳುವುದಕ್ಕೆ ಕಾನೂನು ಜಾಗ ಬಿಟ್ಟಿದೆ. ಅದು ಬಾಗಿಲು ಹಾಕಿರುವುದು ಉತ್ತರ ಬಂದ ಮೇಲೂ ನಿಲ್ಲುವವನಿಗೆ. ಈ ಲೆಕ್ಕದಲ್ಲಿ ಒಂದು ಬಾರಿಯೂ ಕೇಳದೆ ಎರಡು ವರ್ಷ ಸೈಕಲ್ ಅಂಗಡಿಯ ಬಳಿ ನಿಂತ ನಾನು, ಒಮ್ಮೆ ಕೇಳಿ ಹೊರಟುಹೋಗುವವನಿಗಿಂತ ಆ ಕಲಮಿಗೆ ಎಷ್ಟೋ ಹತ್ತಿರದಲ್ಲಿದ್ದೆ.

ಹುಡುಗಿಯರೂ ನೇರ ಹೇಳಲಿ, "ನೋಡೋಣ" ಎಂದು ತೂಗಾಡಿಸುವುದೇಕೆ ಎನ್ನುವವರಿದ್ದಾರೆ. "ಇಲ್ಲ" ಎಂದವಳ ಮುಖಕ್ಕೆ ಆ್ಯಸಿಡ್ ಬಿದ್ದ ಸುದ್ದಿಯನ್ನು ಬೆಳಗಿನ ಚಹದ ಜತೆ ಓದಿ ಬೆಳೆದ ಹುಡುಗಿ, ಎದುರಿಗಿರುವವನು ಯಾವ ಜಾತಿಯ ಗಂಡಸು ಎಂದು ಅಳೆದು ನೋಡದೆ ಹೇಗೆ ನೇರ ಹೇಳಿಯಾಳು? ಅವಳ "ನೋಡೋಣ" ಬಹಳ ಸಲ ಅವಳ ಛತ್ರಿ. ಮಳೆ ನಿಂತರೆ ತಾನೇ ಮಡಿಸುತ್ತಾಳೆ.

ಎರಡು ವರ್ಷದ ಹಿಂದೆ ಶಿರವಾಡದ ಸ್ಟೇಷನ್ನಿನಲ್ಲಿ ಮಂಗಳೂರಿನ ಕಡೆಯ ರೈಲಿಗೆ ಕಾಯುತ್ತಿದ್ದೆ. ಹೊರಗಿನವರಿಗೆ ಹೇಳುತ್ತೇನೆ, ಕಾರವಾರ ಎಂದು ಬೋರ್ಡಿರುವ ರೈಲು ನಿಲ್ದಾಣ ಇರುವುದು ಕಾರವಾರ ಪೇಟೆಯಲ್ಲಲ್ಲ, ನಮ್ಮ ಶಿರವಾಡದಲ್ಲಿ. ಹಿಂದೆ ಗುಡ್ಡ, ಮುಂದೆ ಹಳಿ, ಮಳೆಗಾಲದಲ್ಲಿ ರೈಲು ತಡವಾದರೆ ಕೂತು ಹಸಿರು ನೋಡುವುದೊಂದೇ ಕೆಲಸ. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಹೆಂಗಸು ನನ್ನ ಹೆಸರು ಹಿಡಿದು ಕರೆದಳು. ಅವಳೇ. ಮಗಳನ್ನು ಎಂಜಿನಿಯರಿಂಗ್ ಕಾಲೇಜಿಗೆ ಬಿಡಲು ಹೊರಟಿದ್ದಳು. ಮಗಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಪ್ಲಾಟ್‌ಫಾರ್ಮಿನ ತುದಿಯವರೆಗೆ ಓಡಾಡುತ್ತಿದ್ದಳು.

ಇಪ್ಪತ್ತೈದು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಡಿದೆ. ಆ ಪತ್ರದ್ದು ತಪ್ಪಾಯಿತು ಎಂದೆ.

ಅವಳು ಕೊಂಕಣಿಯಲ್ಲಿ ಹೇಳಿದ್ದನ್ನು ನೆನಪಿದ್ದಷ್ಟು ಕನ್ನಡದಲ್ಲಿ ಬರೆಯುತ್ತೇನೆ. "ಪತ್ರ ನಾನು ಓದಲೇ ಇಲ್ಲ. ಅದರಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ. ನನಗೆ ಬೇಜಾರಾದದ್ದು ಅದಲ್ಲ. ಅದಕ್ಕೆ ಮೊದಲಿನ ಎರಡು ವರ್ಷ. ಬಸ್ ಸ್ಟಾಪಿಗೆ ಬರುವಾಗ ದಿನಾ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗೆ ಆಗ್ತಿತ್ತು. ನೀನು ಏನೂ ಮಾಡ್ತಿರಲಿಲ್ಲ, ಹಾಗಾಗಿ ಮನೆಯಲ್ಲಿ ಏನೆಂದು ಹೇಳುವುದು? ಒಂದು ಸಲ ಬಂದು ಕೇಳಿದ್ದರೆ ಒಂದು ಸಲ ಇಲ್ಲ ಅಂದು ಮುಗಿಸ್ತಿದ್ದೆ. ಇಬ್ಬರೂ ಪರೀಕ್ಷೆ ಬರೀತಿದ್ದೆವು."

ಸಿಟ್ಟಿನಲ್ಲಿ ಹೇಳಲಿಲ್ಲ. ಹಾಗೆ ಹೇಳಿ, ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದು, ನಿನಗೆಷ್ಟು ಮಕ್ಕಳು ಎಂದು ವಿಚಾರಿಸಿದಳು. ಅವಳ ಉತ್ತರ ಇಲ್ಲವೆಂದೇ ಆಗಿರುತ್ತಿತ್ತು ಎನ್ನುವುದು ನನಗೆ ಆವತ್ತೇ ಮೊದಲ ಸಲ ತಿಳಿದದ್ದು. ಅಷ್ಟು ವರ್ಷ ನನ್ನ ಮನಸ್ಸಿನ ಕತೆಯಲ್ಲಿ ಅವಳು ಹೂಂ ಎನ್ನಲು ಕಾದಿದ್ದಳು, ದೈವ ಕೈಕೊಟ್ಟಿತ್ತು. ನೋಡಿ, ಕೇಳದೆ ಇರುವುದರ ಲಾಭ ಎಂಥದು!

ತಂಗಿಯ ಮಗನಿಗೆ ನಾಲ್ಕು ಸಾಲು ಬರೆದುಕೊಡಲಿಲ್ಲ. ಕೇಳುವುದಿದ್ದರೆ ಹೀಗೆ ಕೇಳು ಎಂದೆ: ಗೆಳೆಯರು ಜತೆಗಿರಬಾರದು. ರೈಲು ಓಡುತ್ತಿರುವಾಗ ಬೇಡ, ಅವಳಿಗೆ ಎದ್ದು ಹೋಗಲು ಜಾಗವಿರಬೇಕು. ಕನ್ನಡವೋ ಕೊಂಕಣಿಯೋ, ನೀನು ಅಮ್ಮನ ಹತ್ತಿರ ಊಟ ಕೇಳುವ ಭಾಷೆಯಲ್ಲಿ ಕೇಳು. ಉತ್ತರ ಈಗಲೇ ಬೇಕೆಂದು ನಿಲ್ಲಬೇಡ. ಅವನು ಇದನ್ನೆಲ್ಲ ಮೊಬೈಲಿನಲ್ಲಿ ಟೈಪು ಮಾಡಿಕೊಂಡದ್ದು ಕಂಡು ನಗು ಬಂತು.

ಹದಿನೈದು ದಿನ ಏನೂ ಸುದ್ದಿಯಿರಲಿಲ್ಲ. ಮೊನ್ನೆ ರಾತ್ರಿ ಕೆಲಸದಿಂದ ಬಂದವನು ಸೀದಾ ಜಗಲಿಗೆ ಬಂದ. ಮಡಗಾಂವ ಸ್ಟೇಷನ್ನಿನಲ್ಲಿ, ಮೆಟ್ಟಿಲ ಬಳಿ, ಕೇಳಿದನಂತೆ. ಹಾಗೆಲ್ಲ ಏನೂ ಯೋಚಿಸಿಲ್ಲ, ಬೇಡ ಎಂದಳಂತೆ. ಸರಿ ಎಂದು ಬಂದನಂತೆ. ಮುಖ ಸಣ್ಣದಾಗಿತ್ತು. ಕಣ್ಣಲ್ಲಿ ನೀರಿತ್ತೋ ಏನೋ, ಜಗಲಿಯ ದೀಪ ಮಂದ. ನಾನು ಸಮಾಧಾನದ ಮಾತಿಗೆ ತಡಕಾಡುತ್ತಿದ್ದೆ, ಅಷ್ಟರಲ್ಲಿ ಅವನೇ ಕೇಳಿದ.

"ಮಾಮ, ನಾಳೆ ಯಾವ ಡಬ್ಬಿ ಹತ್ತಲಿ? ಅವಳು ದಿನಾ ನಮ್ಮ ಡಬ್ಬಿಗೇ ಹತ್ತೋದು. ನನ್ನ ಗೆಳೆಯರೆಲ್ಲ ಅಲ್ಲೇ ಇರ್ತಾರೆ."

"ಅವರಿಗೆ ವಿಷಯ ಗೊತ್ತುಂಟಾ?"

"ಇಲ್ಲ."

"ಹಾಗಾದ್ರೆ ಗೊತ್ತಾಗೋದು ಬೇಡ. ನೀನು ಹಿಂದಿನ ಡಬ್ಬಿ ಹತ್ತು."

"ಎಷ್ಟು ದಿನ?"

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಒಳಗಿಂದ ತಂಗಿ ಬಂಗಡೆ ಸಾರು ಬಿಸಿ ಮಾಡಿದ್ದೇನೆಂದು ಕರೆದಳು. ಅವನು ಎದ್ದು ಕೈ ತೊಳೆಯಲು ಹೋದ.